ಅಪೂರ್ಣ ಗ್ರಂಥವೆಂಬ ನ್ಯಾಸ

ಅಗಲಿದವರು ಅರ್ಧಕ್ಕೆ ಬಿಟ್ಟುಹೋದ ಗ್ರಂಥವನ್ನು ಉಳಿದವರು ಪೂರ್ಣಗೊಳಿಸುವುದು ಪುಣ್ಯಕಾರ್ಯವೆಂದೇ ಲೋಕದ ಭಾವನೆ. ಮಗ ತಂದೆಯ ಸಾಲ ತೀರಿಸಿದರೆ ಯಾರೂ ತಪ್ಪೆನ್ನುವುದಿಲ್ಲ. ಹಾಗೆಯೇ ಮಿತ್ರನು ಮಿತ್ರನ ಪುಸ್ತಕವನ್ನು ಮುಗಿಸಿದರೂ ಆಕ್ಷೇಪಿಸುವವರಿಲ್ಲ. ಆದರೆ ವಿಚಾರಿಸಿ ನೋಡಿದರೆ, ಈ ಕಾರ್ಯದಲ್ಲಿ ಅಚೌರ್ಯ ಮತ್ತು ಸತ್ಯಗಳೆಂಬ ಎರಡು ಅಣುವ್ರತಗಳಿಗೂ ಅತಿಚಾರವೊದಗುವ ಸಂದರ್ಭಗಳು ಹಲವಿವೆ. ಅವುಗಳಲ್ಲಿ ಒಂದೆರಡು ಸದ್ಗುಣದ ವೇಷದಲ್ಲಿಯೇ ಬರುತ್ತವೆ.

ಈ ವಿಚಾರಕ್ಕೆ ನಿಮಿತ್ತವಾದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕುರುಗೋಡು ಕಡೆಯವರಾದ ನನ್ನ ಮಿತ್ರರೊಬ್ಬರು ಬಳ್ಳಾರಿಯಲ್ಲಿ ಬಹುಕಾಲ ಸಸ್ಯಶಾಸ್ತ್ರದ ಉಪನ್ಯಾಸಕರಾಗಿದ್ದು ನಿವೃತ್ತರಾಗಿದ್ದಾರೆ. ಸಿರುಗುಪ್ಪದವರಾದ ಅವರ ಸಹೋದ್ಯೋಗಿಯೊಬ್ಬರು ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಸಸ್ಯಶಾಸ್ತ್ರ ಪಠ್ಯಪುಸ್ತಕವನ್ನು ಬರೆಯುತ್ತಿರುವಾಗಲೇ ತೀರಿಕೊಂಡರು. ಯೋಜಿಸಿದ್ದ ಹದಿನಾಲ್ಕು ಅಧ್ಯಾಯಗಳಲ್ಲಿ ಐದು ಶುದ್ಧಪ್ರತಿಯಾಗಿದ್ದವು, ನಾಲ್ಕು ಕರಡಿನಲ್ಲಿದ್ದವು, ಉಳಿದ ಐದಕ್ಕೆ ತಲೆಬರಹ ಮಾತ್ರ. ಜೊತೆಗೆ ಕೈಯಿಂದ ಬಿಡಿಸಿದ ಚಿತ್ರಗಳ ಒಂದು ಕಟ್ಟು. ಮೃತರ ಪತ್ನಿ ಇಷ್ಟನ್ನೂ ತಂದು, “ಸರ್, ಇದನ್ನ ನೀವೇ ಮುಗಿಸಿ ಕೊಡ್ರಿ” ಎಂದು ಮಿತ್ರರ ಕೈಗಿತ್ತರು. ಯಾರ ಹೆಸರಿನಲ್ಲಿ ಮುಗಿಸಬೇಕು, ತಿದ್ದಬಹುದೇ, ಹಣ ಬಂದರೆ ಯಾರದು ಎಂದು ಮಿತ್ರರು ನನ್ನನ್ನು ಕೇಳಿದರು. ಸಸ್ಯಶಾಸ್ತ್ರವನ್ನು ನಾನು ಓದಿದವನಲ್ಲ, ವಾಣಿಜ್ಯ ಪದವೀಧರ. ಆದರೆ ಪರರ ಸೊತ್ತು ಕೈಗೆ ಬಂದಾಗ ಹೇಗಿರಬೇಕೆಂಬುದು ಕಾಲೇಜಿಗಿಂತ ಅಂಗಡಿಯಲ್ಲಿ ಹೆಚ್ಚಾಗಿ ಕಲಿಯುವ ವಿದ್ಯೆ.

ಹೀಗೆ ಕೈಸೇರಿದ ಹಸ್ತಪ್ರತಿಯನ್ನು ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ನ್ಯಾಸವೆನ್ನಬೇಕು, ಅಂದರೆ ನಂಬಿ ಇಟ್ಟ ಠೇವಣಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನ್ಯಾಸಾಪಹಾರವನ್ನು ಹೇಳಿರುವುದು ಅಚೌರ್ಯದ ಅತಿಚಾರಗಳಲ್ಲಿ ಅಲ್ಲ, ಸತ್ಯದ ಅತಿಚಾರಗಳಲ್ಲಿ. ಇದು ಗಮನಿಸಬೇಕಾದ ಸಂಗತಿ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿಯಿಂದ ಕಾರಣವು ತಿಳಿಯುತ್ತದೆ. ಹೊನ್ನನ್ನು ಇಟ್ಟವನು ಎಣಿಕೆ ಮರೆತು, ಇಟ್ಟುದಕ್ಕಿಂತ ಕಡಿಮೆ ಕೇಳಿದಾಗ, ಇಟ್ಟುಕೊಂಡವನು “ಹೌದು, ಅಷ್ಟೇ” ಎಂದು ಒಪ್ಪಿ ಕೊಡುವುದು ನ್ಯಾಸಾಪಹಾರ. ಇಲ್ಲಿ ಕೈ ಕದಿಯುವುದಿಲ್ಲ, ಮಾತು ಕದಿಯುತ್ತದೆ.

ಮೃತ ಗ್ರಂಥಕರ್ತನು ಎಣಿಕೆಯನ್ನು ಪೂರ್ತಿಯಾಗಿ ಮರೆತ ನಿಕ್ಷೇಪಕ. ಅವನು ಮರಳಿ ಬಂದು ಕೇಳುವವನಲ್ಲ. ಅವನ ಮನೆಯವರಿಗೆ ಪುಟಗಳ ಸಂಖ್ಯೆ ಗೊತ್ತಿದ್ದರೂ ಅವುಗಳ ಬೆಲೆ ಗೊತ್ತಿರುವುದಿಲ್ಲ. “ಒಂಬತ್ತು ಅಧ್ಯಾಯಗಳಿದ್ದವು, ಆದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು” ಎಂದು ಮುಗಿಸಿದವನು ಮುನ್ನುಡಿಯಲ್ಲಿ ಬರೆದುಬಿಟ್ಟರೆ, ಅದನ್ನು ಅಲ್ಲಗಳೆಯುವ ಸಾಕ್ಷಿ ಲೋಕದಲ್ಲಿಲ್ಲ. ಆದಕಾರಣ ನಾನು ಮಿತ್ರರಿಗೆ ಮೊದಲು ಹೇಳಿದ ಮಾತು ಇಷ್ಟೇ: ಒಂದು ಪಂಕ್ತಿಯನ್ನೂ ಬರೆಯುವ ಮುನ್ನ, ಮೃತರ ಪತ್ನಿ ಮತ್ತು ಮಕ್ಕಳ ಎದುರಿಗೆ ಕುಳಿತು, ಪುಟಗಳನ್ನು ಎಣಿಸಿ, ಚಿತ್ರಗಳಿಗೆ ಕ್ರಮಾಂಕ ಹಾಕಿ, ಪಟ್ಟಿ ಮಾಡಿ, ಎಲ್ಲದರ ನಕಲು ತೆಗೆಸಿ ಒಂದು ಪ್ರತಿಯನ್ನು ಅವರ ಮನೆಯಲ್ಲಿಯೇ ಇಡಿಸಿರಿ. ಗೋದಾಮಿಗೆ ಬಂದ ಮಾಲಿಗೆ ಪಾವತಿ ಕೊಡದ ವರ್ತಕನನ್ನು ನಾವು ನಂಬುವುದಿಲ್ಲ. ವಿದ್ವಾಂಸನಿಗೆ ಮಾತ್ರ ಬೇರೆ ನಿಯಮವೇಕೆ?

ಪರರ ಬರಹವನ್ನು ತನ್ನದೆಂದು ಹೇಳಿಕೊಳ್ಳುವುದು ಕಳವು ಎಂಬುದರಲ್ಲಿ ವಿವಾದವಿಲ್ಲ. ಅದನ್ನು ವಿಸ್ತರಿಸುವ ಅಗತ್ಯವೂ ಇಲ್ಲ. ನನ್ನ ಮಿತ್ರರು ಸಜ್ಜನರಾದುದರಿಂದ ಅವರಿಗೆ ಬಂದ ಆಲೋಚನೆ ಇದಕ್ಕೆ ವಿರುದ್ಧವಾದುದು. “ಎಲ್ಲವೂ ಅವರ ಹೆಸರಿನಲ್ಲಿಯೇ ಬರಲಿ, ನನ್ನ ಹೆಸರು ಎಲ್ಲಿಯೂ ಬೇಡ” ಎಂದರು. ಕೇಳುವುದಕ್ಕೆ ಇದು ತ್ಯಾಗದಂತೆ ತೋರುತ್ತದೆ, ಇದಕ್ಕೆ ಹಿರಿಯರ ಮೇಲ್ಪಂಕ್ತಿಯೂ ಉಂಟು. ತೆಲುಗು ಮಹಾಭಾರತವನ್ನು ಹನ್ನೊಂದನೆಯ ಶತಮಾನದಲ್ಲಿ ಆರಂಭಿಸಿದ ನನ್ನಯನು ಅರಣ್ಯಪರ್ವದ ನಡುವೆ ನಿಲ್ಲಿಸಿದನು. ತಿಕ್ಕನನು ಆ ಕೊರತೆಯನ್ನು ಮುಟ್ಟದೆ ವಿರಾಟಪರ್ವದಿಂದ ಮುಂದುವರಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಎರ್ರನನು ಅರಣ್ಯಪರ್ವದ ಶೇಷವನ್ನು ತುಂಬುವಾಗ, ನನ್ನಯನೇ ಬರೆದನೆಂಬಂತೆ ಅವನ ಪೋಷಕನಾದ ರಾಜರಾಜನರೇಂದ್ರನ ಹೆಸರಿನಲ್ಲಿಯೇ ಆ ಭಾಗವನ್ನು ಮುಗಿಸಿದನು. ನಮ್ಮ ಬಳ್ಳಾರಿಯಲ್ಲಿ ತೆಲುಗು ಬಲ್ಲ ಹಿರಿಯರು ಇದನ್ನು ವಿನಯದ ಪರಾಕಾಷ್ಠೆಯೆಂದು ಕೊಂಡಾಡುವುದನ್ನು ನಾನು ಕೇಳಿದ್ದೇನೆ.

ಇನ್ನೊಂದು ಮೇಲ್ಪಂಕ್ತಿ ನಮ್ಮದೇ. ಕಷಾಯಪಾಹುಡಕ್ಕೆ ಜಯಧವಲಾ ಟೀಕೆಯನ್ನು ಆರಂಭಿಸಿದ ವೀರಸೇನಾಚಾರ್ಯರು ಇಪ್ಪತ್ತು ಸಹಸ್ರ ಗ್ರಂಥಪ್ರಮಾಣ ಬರೆದು ಕಾಲವಾದರು. ಶಿಷ್ಯರಾದ ಜಿನಸೇನಾಚಾರ್ಯರು ನಲವತ್ತು ಸಹಸ್ರ ಸೇರಿಸಿ, ಶಕವರ್ಷ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಮುಗಿಸಿದರು. ಅದೇ ಜಿನಸೇನರು ಮಹಾಪುರಾಣವನ್ನು ಕೈಗೊಂಡು, ನಲವತ್ತೆರಡು ಪರ್ವಗಳನ್ನೂ ನಲವತ್ತಮೂರನೆಯದರ ಮೂರು ಶ್ಲೋಕಗಳನ್ನೂ ಬರೆಯುವಷ್ಟರಲ್ಲಿ ದೇಹಬಿಟ್ಟರು. ಅವರ ಶಿಷ್ಯ ಗುಣಭದ್ರಾಚಾರ್ಯರು ಆದಿಪುರಾಣವನ್ನು ನಲವತ್ತೇಳು ಪರ್ವಗಳಿಗೆ ಮುಟ್ಟಿಸಿ ಉತ್ತರಪುರಾಣವನ್ನು ರಚಿಸಿದರು. ಸಾವಿರದ ನೂರು ವರ್ಷಗಳ ಮೇಲೆಯೂ ನಾವು “ಮೂರು ಶ್ಲೋಕ” ಎಂದು ಬೆರಳಿಟ್ಟು ತೋರಿಸಬಲ್ಲೆವೆಂದರೆ, ಗುರುವಿನ ಲೇಖನ ಎಲ್ಲಿ ನಿಂತಿತೆಂಬ ಗುರುತನ್ನು ಶಿಷ್ಯಪರಂಪರೆ ಅಳಿಸಿಹಾಕಲಿಲ್ಲವೆಂದೇ ಅರ್ಥ. ಕಬ್ಬಿನ ಬುಡದ ಸವಿ ತುದಿಯಲ್ಲಿರದು ಎಂಬರ್ಥದ ವಿನಯದ ಮಾತನ್ನೂ ಗುಣಭದ್ರರು ತಮ್ಮ ಭಾಗಕ್ಕೆ ಅನ್ವಯಿಸಿಕೊಂಡಿದ್ದಾರೆ. ಸಿರುಗುಪ್ಪದ ಕಬ್ಬಿನ ಬೆಳೆಗಾರರಿಗೆ ಇದರ ಟೀಕೆ ಬೇಡ. ವಿನಯವಿದ್ದರೂ ಹೆಸರು ಮರೆಯಾಗಲಿಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ಮುಗಿಸಿದ ತಿಮ್ಮಣ್ಣಕವಿಯೂ ತನ್ನ ಭಾಗವನ್ನು ತನ್ನದೆಂದೇ ಉಳಿಸಿದನು.

ಎರಡರಲ್ಲಿ ಯಾವುದು ಸರಿ? ಕೂಟಲೇಖಕ್ರಿಯೆಯೆಂಬ ಅತಿಚಾರವನ್ನು ಪೂಜ್ಯಪಾದರು ವಿವರಿಸುವಾಗ, ಒಬ್ಬನು ಹೇಳದುದನ್ನು, ಮಾಡದುದನ್ನು ಅವನು ಹೇಳಿದನು, ಮಾಡಿದನು ಎಂದು ವಂಚನೆಯ ನಿಮಿತ್ತ ಬರೆಯುವುದು ಎನ್ನುತ್ತಾರೆ. ವಂಚನೆಯ ನಿಮಿತ್ತ ಎಂಬ ವಿಶೇಷಣವಿರುವುದರಿಂದ ಎರ್ರನನು ದೋಷಿಯಾಗುವುದಿಲ್ಲ. ಅವನಿಗೆ ವಂಚಿಸುವ ಉದ್ದೇಶವಿರಲಿಲ್ಲ, ಓದುವವರಿಗೂ ಸತ್ಯ ತಿಳಿದಿತ್ತು. ನನ್ನ ಮಿತ್ರರಿಗೂ ಆ ಉದ್ದೇಶವಿಲ್ಲ. ಆದರೂ ನಾನು ಅವರ ಪ್ರಸ್ತಾವವನ್ನು ಒಪ್ಪಲಿಲ್ಲ. ಏಕೆಂದರೆ ಕಾವ್ಯಕ್ಕೂ ಪಠ್ಯಪುಸ್ತಕಕ್ಕೂ ಅಂತರವಿದೆ. ಕಾವ್ಯದ ಮೇಲೆ ಕವಿಯ ಹೆಸರು ಗೌರವದ ಮುದ್ರೆ. ಪಠ್ಯಪುಸ್ತಕದ ಮೇಲೆ ಲೇಖಕನ ಹೆಸರು ಜವಾಬುದಾರಿಯ ಸಹಿ. ವಿದ್ಯಾರ್ಥಿಯು ಅದನ್ನು ನಂಬಿ ಪರೀಕ್ಷೆಯಲ್ಲಿ ಬರೆಯುತ್ತಾನೆ. ತಪ್ಪಿದ್ದರೆ ಅಂಕ ಕಳೆದುಕೊಳ್ಳುತ್ತಾನೆ. ಮುಂದೆ ಅವನೇ ಅಧ್ಯಾಪಕನಾಗಿ ಅದೇ ತಪ್ಪನ್ನು ನೂರು ಮಂದಿಗೆ ಕಲಿಸುತ್ತಾನೆ.

ಈ ಜವಾಬುದಾರಿಯ ಪ್ರಶ್ನೆಯನ್ನು ನಮ್ಮ ವ್ಯಾಪಾರದ ಕಾನೂನು ಬಹಳ ಸ್ಪಷ್ಟವಾಗಿ ಬಗೆಹರಿಸಿದೆ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 42ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ ಪಾಲುದಾರನೊಬ್ಬನ ಮರಣದಿಂದ ಪಾಲುದಾರಿಕೆ ಮುರಿದುಬೀಳುತ್ತದೆ. 45ನೆಯ ಪ್ರಕರಣದ ಪ್ರಕಾರ, ಮರಣಾನಂತರ ಉಳಿದವರು ಮಾಡಿದ ವ್ಯವಹಾರಗಳಿಗೆ ಮೃತನ ಆಸ್ತಿ ಹೊಣೆಯಲ್ಲ. ಸತ್ತವನ ತಲೆಗೆ ಹೊಸ ಸಾಲ ಕಟ್ಟಬಾರದೆಂಬುದೇ ಇದರ ತಿರುಳು. ಹಾಗಿರುವಾಗ ಮಿತ್ರರು ತಾವು ಬರೆದ ಐದು ಅಧ್ಯಾಯಗಳನ್ನು ಮೃತರ ಹೆಸರಿಗೆ ಜಮಾ ಮಾಡಿದರೆ, ಅದರಲ್ಲಿ ನುಸುಳಬಹುದಾದ ತಪ್ಪುಗಳನ್ನೂ ಅವರ ಹೆಸರಿಗೇ ಖರ್ಚು ಹಾಕಿದಂತಾಗುತ್ತದೆ. ಜಮಾ ಮಾತ್ರ ಅವರಿಗೆ, ಖರ್ಚು ನನಗೆ ಎಂದು ಬರೆಯುವ ಖಾತೆ ಯಾವ ಅಂಗಡಿಯಲ್ಲಿಯೂ ಇಲ್ಲ. ಹೆಸರನ್ನು ಮರೆಸುವುದು ಇಲ್ಲಿ ತ್ಯಾಗವಾಗದೆ, ಹೊಣೆಯಿಂದ ನುಣುಚಿಕೊಳ್ಳುವ ದಾರಿಯೂ ಆಗಬಹುದು.

ಅದೇ ಅಧಿನಿಯಮದ 37ನೆಯ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. ಮೃತನ ಬಂಡವಾಳವನ್ನು ಲೆಕ್ಕ ತೀರಿಸದೆ ಉಳಿಸಿಕೊಂಡು ವ್ಯಾಪಾರ ಮುಂದುವರಿಸಿದವರಿಂದ, ಅವನ ವಾರಸುದಾರರು ಅದಕ್ಕೆ ಸಲ್ಲುವ ಲಾಭದ ಪಾಲನ್ನು ಅಥವಾ ವರ್ಷಕ್ಕೆ ಶೇಕಡ ಆರರ ಬಡ್ಡಿಯನ್ನು, ತಮಗೆ ಬೇಕಾದುದನ್ನು ಆರಿಸಿಕೊಂಡು ಪಡೆಯಬಹುದು. ಪುಸ್ತಕಕ್ಕೆ ಅನ್ವಯಿಸುವ ಕಾನೂನು ಬೇರೆಯೇ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಗ್ರಂಥದ ಹಕ್ಕು ಕರ್ತೃವಿನ ಮರಣದ ತರುವಾಯ ಅರವತ್ತು ವರ್ಷ ಉಳಿಯುತ್ತದೆ. ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರ ವಾರಸುದಾರರಿಗೂ ಇದೆ. ಹಸ್ತಪ್ರತಿಯನ್ನು ಮರಣಶಾಸನದಿಂದ ಪಡೆದವನಿಗೆ, ಬೇರೆ ಉದ್ದೇಶ ಕಾಣದಿದ್ದರೆ, ಹಕ್ಕೂ ಬಂದಂತೆಯೇ ಸರಿ. ಕೇವಲ ಕೈಯಲ್ಲಿಟ್ಟುಕೊಂಡವನಿಗೆ ಬರುವುದಿಲ್ಲ. ಇದನ್ನು ತಿಳಿದ ಮೇಲೆ ಮಿತ್ರರು ಗೌರವಧನದಲ್ಲಿ ತಮಗೆ ಏನೂ ಬೇಡವೆಂದರು. ಅದು ಅವರ ಇಷ್ಟ. ಆದರೆ ಬೇಡವೆನ್ನುವುದನ್ನೂ ಕಾಗದದಲ್ಲಿ ಬರೆದಿಡಬೇಕೆಂದೆ. ಬಾಯಿಮಾತಿನ ಔದಾರ್ಯವು ಎರಡನೆಯ ಮುದ್ರಣದ ವೇಳೆಗೆ ಎರಡು ಮನೆಗಳ ನಡುವೆ ಮನಸ್ತಾಪವಾದುದನ್ನು ಪೇಟೆಯವರು ಬಲ್ಲರು.

ಇನ್ನು ತಿದ್ದುಪಡಿಯ ವಿಷಯ. ಇದೇ ಎಲ್ಲಕ್ಕಿಂತ ಕಠಿಣವಾದುದು.

ಸಸ್ಯಶಾಸ್ತ್ರದ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. ಭಾರತದ ಸಸ್ಯಗಳನ್ನು ವರ್ಣಿಸಿದ ವಿಲಿಯಂ ರಾಕ್ಸ್‌ಬರ್ಗ್ 1815ರಲ್ಲಿ ತೀರಿಕೊಂಡಾಗ ಅವನ ‘ಫ್ಲೋರಾ ಇಂಡಿಕಾ’ ಹಸ್ತಪ್ರತಿಯಲ್ಲಿಯೇ ಉಳಿದಿತ್ತು. ಅದನ್ನು ಸೆರಾಂಪುರದಲ್ಲಿ ಅಚ್ಚು ಹಾಕಿಸಲು ಮುಂದಾದವನು ವಿಲಿಯಂ ಕೇರಿ. 1817ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ ಪಾದ್ರಿಯೇ ಈತ. ಜೊತೆಗೂಡಿದ ನಥಾನಿಯಲ್ ವಾಲಿಚ್ ಎಂಬ ಸಸ್ಯಶಾಸ್ತ್ರಜ್ಞನು, ರಾಕ್ಸ್‌ಬರ್ಗನಿಗೆ ತಿಳಿಯದಿದ್ದ ಹೊಸ ಸಸ್ಯಗಳ ವಿವರಣೆಗಳನ್ನೂ ಸೇರಿಸುತ್ತ ಹೋದನು. 1820ರಲ್ಲಿ ಒಂದು, 1824ರಲ್ಲಿ ಇನ್ನೊಂದು ಸಂಪುಟ ಬಂದು ಕೆಲಸ ನಿಂತಿತು. ಕಡೆಗೆ ರಾಕ್ಸ್‌ಬರ್ಗನ ಮಕ್ಕಳ ಇಚ್ಛೆಯಂತೆ ಕೇರಿಯು ವಾಲಿಚ್ಚನ ಸೇರ್ಪಡೆಗಳನ್ನು ಬಿಟ್ಟು, ಮೃತನ ಬರಹವನ್ನಷ್ಟೇ 1832ರಲ್ಲಿ ಮೂರು ಸಂಪುಟಗಳಾಗಿ ಹೊರತಂದನು. ವಾಲಿಚ್ ಜ್ಞಾನಕ್ಕೆ ನಿಷ್ಠನಾಗಿದ್ದನು, ಕೇರಿ ಮೃತನಿಗೆ. ನನಗೆ ಇಬ್ಬರಲ್ಲಿಯೂ ದೋಷ ಕಾಣುವುದಿಲ್ಲ. ಆದರೆ ಇಬ್ಬರ ಮಾರ್ಗವೂ ನನ್ನ ಮಿತ್ರರಿಗೆ ಸಾಲದು. ಸಸ್ಯಸಂಗ್ರಹವನ್ನು ಬರೆದವನ ಕಾಲದ ದಾಖಲೆಯೆಂದು ಹಾಗೆಯೇ ಅಚ್ಚು ಹಾಕಬಹುದು. ವಿದ್ಯಾರ್ಥಿಯ ಕೈಗೆ ದಾಖಲೆಯನ್ನು ಕೊಟ್ಟರೆ ಸಾಲದು, ಈಗ ನಿಜವಾದುದನ್ನೇ ಕೊಡಬೇಕು.

ಆ ಕರಡಿನಲ್ಲಿ ಅಣಬೆ ಬೂಷ್ಟುಗಳು ಸಸ್ಯಗಳ ಸಾಲಿನಲ್ಲಿವೆ. ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನು ವಿಟೇಕರ್ 1969ರಲ್ಲಿಯೇ ಪ್ರತಿಪಾದಿಸಿದನು. ಈರುಳ್ಳಿ (ನಮ್ಮಲ್ಲಿ ಅನೇಕರ ಅಡುಗೆಮನೆಗೆ ಬಾರದಿದ್ದರೂ ಪಠ್ಯಪುಸ್ತಕದಿಂದ ಹೊರಗಿಡುವಂತಿಲ್ಲ) ಬೆಂಥಮ್ ಮತ್ತು ಹೂಕರರ ಕ್ರಮದಂತೆ ಲಿಲಿಯ ಕುಟುಂಬದಲ್ಲಿದೆ. 2009ರ ವರ್ಗೀಕರಣದಿಂದೀಚೆಗೆ ಅದು ಅಮರಿಲ್ಲಿಡೇಸಿ ಕುಟುಂಬಕ್ಕೆ ಸೇರಿದೆ. ಇಂಥವನ್ನು ತಿದ್ದಲೇಬೇಕು. ತಿದ್ದದೆ ಬಿಟ್ಟು “ಮೂಲಕ್ಕೆ ನಿಷ್ಠನಾದೆ” ಎನ್ನುವುದು ಮಕ್ಕಳಿಗೆ ಗೊತ್ತಿದ್ದೂ ತಪ್ಪು ಉಪದೇಶ ಮಾಡಿದಂತೆ. ಬದುಕಿದ್ದರೆ ಅವರೇ ತಿದ್ದುತ್ತಿದ್ದರೆಂದು ನಂಬಲು ಕಾರಣವೂ ಇದೆ: ಕರಡಿನ ಅಂಚಿನಲ್ಲಿ ಅಲ್ಲಲ್ಲಿ “ಪರಿಶೀಲಿಸುವುದು” ಎಂದು ಅವರೇ ಗುರುತು ಮಾಡಿಕೊಂಡಿದ್ದಾರೆ.

ಆದರೆ ಬಳ್ಳಾರಿ ಜಾಲಿಯ ವಿಚಾರ ಹಾಗಲ್ಲ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ದೇಶಕ್ಕೆ ಬಂದ ಈ ಮುಳ್ಳುಗಿಡ, ನಮ್ಮ ಊರ ಹೆಸರನ್ನೇ ಹೊತ್ತು ಕನ್ನಡ ನಾಡೆಲ್ಲ ಹರಡಿದೆ. ಬಡವರ ಒಲೆಗೆ ಸೌದೆಯಿತ್ತ ಗಿಡವೆಂದು ಮೃತರು ಅದನ್ನು ಒಂದು ಪುಟವಿಡೀ ಹೊಗಳಿದ್ದಾರೆ. ಬೀಳುಭೂಮಿಯನ್ನೂ ಹಳ್ಳದ ದಂಡೆಯನ್ನೂ ಆಕ್ರಮಿಸಿ ನಾಡಗಿಡಗಳನ್ನು ಹೊರದೂಡಿದ ಕಳೆಯೆಂದು ನನ್ನ ಮಿತ್ರರ ಮತ. ಇಬ್ಬರೂ ಬದುಕಿದ್ದಾಗ ಈ ಬಗ್ಗೆ ಬಹಳ ಸಲ ವಾದಿಸಿದವರೇ. ಈಗ ಒಬ್ಬರ ಕೈಯಲ್ಲಿ ಮಾತ್ರ ಲೇಖನಿಯಿದೆ. ಆ ಪುಟವನ್ನು ತೆಗೆದುಹಾಕಿದರೆ ವಾದದಲ್ಲಿ ಗೆದ್ದಂತಾಗುತ್ತದೆ. ಎದುರಾಳಿ ಇಲ್ಲದ ಗೆಲುವು ಅದು. ಸಸ್ಯದ ಹೆಸರು ಬದಲಾಗಿರುವುದು ವಸ್ತುಸ್ಥಿತಿ, 2022ರ ಪರಿಷ್ಕರಣದಲ್ಲಿ ಪ್ರೊಸಾಪಿಸ್ ಜೂಲಿಫ್ಲೋರ ಎಂಬುದು ನೆಲ್ಟುಮ ಜೂಲಿಫ್ಲೋರ ಆಯಿತು, ಅದನ್ನು ತಿದ್ದಲಿ. ಅದು ಉಪಕಾರಿಯೋ ಅಪಕಾರಿಯೋ ಎಂಬುದು ಅಭಿಪ್ರಾಯ. ಅದನ್ನು ಹಾಗೆಯೇ ಬಿಟ್ಟು, ಕೆಳಗೆ ತಮ್ಮ ಸಹಿಯೊಡನೆ ಭಿನ್ನಾಭಿಪ್ರಾಯವನ್ನು ಬರೆಯಲಿ. ಒಂದೇ ವಸ್ತುವಿಗೆ ಎರಡು ಮುಖಗಳಿರಬಹುದೆಂಬುದು ಅನೇಕಾಂತದಲ್ಲಿ ಬೆಳೆದವರಿಗೆ ಹೊಸದಲ್ಲ. ವಿದ್ಯಾರ್ಥಿಯೂ ಎರಡನ್ನೂ ಓದಿ, ತನ್ನ ಊರ ಹೊರಗಿನ ಜಾಲಿಯನ್ನು ತಾನೇ ನೋಡಿ ನಿರ್ಣಯಿಸಲಿ.

ಈ ವಿಚಾರವಾಗಿ ಮಾತನಾಡುವಾಗ ಮಿತ್ರರು ತಿಳಿಸಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಸಸ್ಯಶಾಸ್ತ್ರಜ್ಞರು ತಮ್ಮ ನಾಮಕರಣದಲ್ಲಿ ನಾವು ರೋಜುಕೀರ್ದಿ ಬರೆಯುವಷ್ಟೇ ಕಟ್ಟುನಿಟ್ಟಾಗಿ ಋಣದ ಲೆಕ್ಕವಿಡುತ್ತಾರಂತೆ. ಹೊಳೆಮತ್ತಿ ಅಥವಾ ಅರ್ಜುನ ವೃಕ್ಷದ ಹೆಸರಿನ ಮುಂದೆ ನಾಲ್ವರ ಬಾಬತ್ತು ದಾಖಲಾಗಿದೆ. ಹೆಸರನ್ನು ಕಲ್ಪಿಸಿದವನು ರಾಕ್ಸ್‌ಬರ್ಗ್. ಅವನು ಸತ್ತ ಮೇಲೆ 1828ರಲ್ಲಿ ಅದನ್ನು ವಿಧಿವತ್ತಾಗಿ ಪ್ರಕಟಿಸಿದವನು ಡಿ ಕ್ಯಾಂಡೋಲ್. ಇವರಿಬ್ಬರ ಹೆಸರುಗಳ ನಡುವೆ ‘ಎಕ್ಸ್’ ಎಂಬ ಪುಟ್ಟ ಪದವಿರುತ್ತದೆ. ಕಲ್ಪನೆ ಮೊದಲಿನವನದು, ಪ್ರಕಟಣೆಯ ಹೊಣೆ ಎರಡನೆಯವನದು ಎಂಬುದು ಅದರ ಅರ್ಥ. ಮುಂದೆ 1834ರಲ್ಲಿ ವೈಟ್ ಮತ್ತು ಆರ್ನಟ್ ಆ ಮರವನ್ನು ಟರ್ಮಿನೇಲಿಯ ಎಂಬ ಕುಲಕ್ಕೆ ಸೇರಿಸಿದಾಗ, ಹಿಂದಿನವರ ಹೆಸರುಗಳು ಅಳಿಯದೆ ಕಂಸದೊಳಗೆ ನಿಂತವು. ನಮ್ಮ ಕರಿಜಾಲಿಯ ಕುಲದ ಹೆಸರು ಇತ್ತೀಚಿನ ವರ್ಷಗಳಲ್ಲಿ ಅಕೇಶಿಯದಿಂದ ವ್ಯಾಚೆಲಿಯಕ್ಕೆ ಬದಲಾಗಿದ್ದರೂ, 1753ರಲ್ಲಿ ಅದಕ್ಕೆ ಹೆಸರಿಟ್ಟ ಲಿನೇಯಸನು ಕಂಸದೊಳಗೆ ಹಾಗೆಯೇ ಇದ್ದಾನೆ. ತಿದ್ದುವ ಸ್ವಾತಂತ್ರ್ಯ ಪೂರ್ಣವಾಗಿದೆ, ಆದರೆ ತಿದ್ದಿದವನು ತಿದ್ದಿಸಿಕೊಂಡವನನ್ನು ಹೆಸರಿಸದೆ ಇರುವಂತಿಲ್ಲ. ಇಷ್ಟು ಒಳ್ಳೆಯ ಪದ್ಧತಿ ಒಂದೊಂದು ಗಿಡಕ್ಕೆ ಇರುವಾಗ, ಗಿಡಗಳ ಪುಸ್ತಕಕ್ಕೆ ಬೇರೆ ಪದ್ಧತಿಯನ್ನು ಹುಡುಕುವುದೇಕೆ? ಮೃತರ ಅಧ್ಯಾಯಗಳಿಗೆ ಮೃತರ ಹೆಸರು, ಕರಡಿನಿಂದ ಸಿದ್ಧವಾದವಕ್ಕೆ ಇಬ್ಬರದೂ, ಹೊಸದಾಗಿ ಬರೆದವಕ್ಕೆ ಬರೆದವರದು ಎಂದು ನಿಶ್ಚಯವಾಯಿತು.

ಪಠ್ಯಪುಸ್ತಕವು ಕರ್ತೃಗಳನ್ನು ದಾಟಿ ಬಾಳುವುದೂ ಉಂಟು. ಜರ್ಮನಿಯ ಬಾನ್ ನಗರದಲ್ಲಿ ಸ್ಟ್ರಾಸ್‌ಬರ್ಗರ್, ನೋಲ್, ಶೆಂಕ್, ಶಿಂಪರ್ ಎಂಬ ನಾಲ್ವರು 1894ರಲ್ಲಿ ಬರೆದ ಸಸ್ಯಶಾಸ್ತ್ರ ಗ್ರಂಥದಲ್ಲಿ, 1901ರಲ್ಲಿ ಶಿಂಪರ್, 1908ರಲ್ಲಿ ನೋಲ್, 1912ರಲ್ಲಿ ಸ್ಟ್ರಾಸ್‌ಬರ್ಗರ್ ತೀರಿಕೊಂಡಂತೆಲ್ಲ ಅವರವರ ಭಾಗವನ್ನು ಬೇರೊಬ್ಬರು ವಹಿಸಿಕೊಂಡರು. ನೂರು ವರ್ಷ ಮೀರಿದ ಮೇಲೂ ಅದು ಸ್ಟ್ರಾಸ್‌ಬರ್ಗರನ ಹೆಸರಿನಿಂದಲೇ ಹೊಸ ಹೊಸ ಆವೃತ್ತಿಗಳನ್ನು ಕಂಡಿತು.

ಒಂದು ಪ್ರಶ್ನೆ ಮಾತ್ರ ನನಗೆ ಪೂರ್ತಿ ಬಗೆಹರಿದಿಲ್ಲ. ಅದತ್ತಾದಾನ, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದೇ ಕಳವೆಂಬುದು ನಮ್ಮ ವ್ಯಾಖ್ಯೆ. ಮೃತರ ಪತ್ನಿ ಕೊಟ್ಟರು, ನಿಜ, ಮೃತರು ಕೊಟ್ಟರೇ? ರೋಮಿನ ಕವಿ ವರ್ಜಿಲನು ತನ್ನ ಅಪೂರ್ಣ ಮಹಾಕಾವ್ಯವನ್ನು ಸುಟ್ಟುಬಿಡುವಂತೆ ಹೇಳಿ ಕ್ರಿ.ಪೂ. 19ರಲ್ಲಿ ಸತ್ತನೆಂದೂ, ಚಕ್ರವರ್ತಿ ಅಗಸ್ಟಸನು ಏನನ್ನೂ ಸೇರಿಸದೆ ಪ್ರಕಟಿಸುವಂತೆ ಅವನ ಇಬ್ಬರು ಮಿತ್ರರಿಗೆ ಆಜ್ಞಾಪಿಸಿದನೆಂದೂ ಪ್ರಾಚೀನರು ಬರೆದಿದ್ದಾರೆ. ಲೋಕಕ್ಕೆ ಲಾಭವಾಯಿತು, ಆದರೆ ಲಾಭದಿಂದ ಅನುಮತಿ ಹುಟ್ಟುವುದಿಲ್ಲ. ನಮ್ಮ ಪ್ರಕರಣದಲ್ಲಿ ಅಂಥ ನಿಷೇಧವಿಲ್ಲ. ಬರೆಯದ ಅಧ್ಯಾಯಗಳ ತಲೆಬರಹಗಳಿವೆ, ಪರಿಶೀಲಿಸುವುದೆಂಬ ಗುರುತುಗಳಿವೆ; ಪುಸ್ತಕ ಹೊರಬರಲೆಂಬ ಇಚ್ಛೆಯನ್ನು ಅವು ಸೂಚಿಸುತ್ತವೆ. ಆದರೆ ಸೂಚನೆಯು ಸಮ್ಮತಿಯಲ್ಲವೆಂದು ನನ್ನೊಳಗಿನ ವರ್ತಕನು ಈಗಲೂ ಹೇಳುತ್ತಾನೆ. ಕನ್ನಡದಲ್ಲಿ ಓದುವ ಹಳ್ಳಿಯ ಮಕ್ಕಳಿಗೆ ಈ ಮಟ್ಟದ ವಿಜ್ಞಾನ ಪುಸ್ತಕಗಳು ಎಷ್ಟು ವಿರಳವೆಂಬುದನ್ನು ನೆನೆದಾಗ ಆ ದನಿಯನ್ನು ಸುಮ್ಮನಿರಿಸುತ್ತೇನೆ.

ಉಳಿದಿರುವುದು ಚಿತ್ರಗಳ ಕಟ್ಟು. ಸಿರುಗುಪ್ಪದ ಗದ್ದೆ ಕಾಲುವೆಗಳಲ್ಲಿಯೂ ಕುರುಗೋಡಿನ ಬಂಡೆಗುಡ್ಡಗಳಲ್ಲಿಯೂ ಕಂಡ ಗಿಡಗಳನ್ನು ಅವರು ಎಲೆ, ಹೂವು, ಹೂವಿನ ಛೇದ ಸಹಿತ ಬಿಡಿಸಿದ್ದಾರೆ. ಆ ಪುಸ್ತಕದ ನಿಜವಾದ ಬೆಲೆ ಇರುವುದು ಇದರಲ್ಲಿಯೇ, ಏಕೆಂದರೆ ದೂರದ ನಗರದಲ್ಲಿ ಬರೆದ ಪುಸ್ತಕದಲ್ಲಿ ಈ ಗಿಡಗಳು ಸಿಗವು. ಆದರೆ ಹನ್ನೊಂದು ಚಿತ್ರಗಳಿಗೆ ಹೆಸರಿಲ್ಲ. ಜೂನಿನೊಳಗೆ ಕೊಟ್ಟರೆ ಕಾಲೇಜು ಆರಂಭಕ್ಕೆ ಪುಸ್ತಕ ಮಾರಾಟಕ್ಕೆ ಬರುತ್ತದೆ, ಹೆಸರಿಲ್ಲದ ಚಿತ್ರಗಳನ್ನು ಬಿಟ್ಟುಬಿಡಿ ಅಥವಾ ಅಂದಾಜಿನಲ್ಲಿ ಹಾಕಿಬಿಡಿ ಎಂದು ಪ್ರಕಾಶಕರ ಒತ್ತಾಯ. ಮಿತ್ರರು ಒಪ್ಪಿಲ್ಲ. ಗಿಡವನ್ನು ಹೂವಿನ ಸಹಿತ ಕಂಡಲ್ಲದೆ ಹೆಸರು ಬರೆಯುವುದಿಲ್ಲವೆಂದು ಹೇಳಿ, ಮಳೆ ಬೀಳುವುದನ್ನು ಕಾಯುತ್ತಿದ್ದಾರೆ.